ಡಾಕ್ಟರ ಮಡಚದ ಬೆರಳು

ನಮ್ಮ ಡಾಕ್ಟರ ಬಲಗೈ ನಡುಬೆರಳು ಮಡಚುತ್ತಿರಲಿಲ್ಲ. ನಾಡಿ ಹಿಡಿದರೂ, ಚೀಟಿ ಬರೆದರೂ, ಟೀ ಲೋಟ ಎತ್ತಿದರೂ ಅದೊಂದು ಬೆರಳು ನೆಟ್ಟಗೆ ನಿಂತಿರುತ್ತಿತ್ತು. ನಾವು ಹುಡುಗರು ಅವರಿಗೆ ‘ಆಂಟೆನಾ ಡಾಕ್ಟ್ರು’ ಎಂದು ಹೆಸರಿಟ್ಟಿದ್ದೆವು. ಅದು ಅವರ ಕಿವಿಗೂ ಬಿದ್ದಿತ್ತು. “ಸಿಗ್ನಲ್ ಚೆನ್ನಾಗ್ ಸಿಗ್ತದೆ ಕಣ್ರೋ” ಎಂದು ನಕ್ಕುಬಿಟ್ಟಿದ್ದರು.

ಪ್ರತಿ ಬುಧವಾರ ಹನೂರಿನ ಕ್ಲಿನಿಕ್ಕಿಗೆ ಬೀಗ ಹಾಕಿ, ಸುತ್ತಲಿನ ಹೈಸ್ಕೂಲುಗಳಿಗೆ ಹೋಗಿ ಹೊಡೆದಾಟದ ಬಗ್ಗೆ ತಿಳಿಹೇಳುವುದು ಅವರ ಪದ್ಧತಿ. ಭಾಷಣವೆಂದರೆ ಅವರಿಗೆ ಆಗದು. ರಕ್ತದ ಚಿತ್ರಗಳನ್ನೂ ತೋರಿಸುತ್ತಿರಲಿಲ್ಲ. ಜೇಬಿನಲ್ಲೊಂದು ಐಸ್‌ಕ್ರೀಮ್ ಕಡ್ಡಿ, ಒಂದು ಸುತ್ತು ಬ್ಯಾಂಡೇಜು ಬಟ್ಟೆ, ಅಷ್ಟೇ.

ನಾನು ಹನೂರಿನ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮಲ್ಲಿಗೂ ಬಂದರು. ಆಗ ನನಗೂ ನಮ್ಮೂರು ಅಜ್ಜೀಪುರದವನೇ ಆದ ಒಬ್ಬ ಸಹಪಾಠಿಗೂ ಜಗಳ ಹತ್ತಿಕೊಂಡಿತ್ತು. ಬಸ್ಸಿನ ಕಿಟಕಿಯಿಂದ ಬ್ಯಾಗು ಎಸೆದು ನಾನು ಹಿಡಿದಿದ್ದ ಸೀಟಿನಲ್ಲಿ, ಬ್ಯಾಗನ್ನು ಕೆಳಗೆ ತಳ್ಳಿ ಅವನು ಕೂತಿದ್ದ. ನಾಳೆ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವನ ಹಲ್ಲು ಉದುರಿಸುತ್ತೇನೆಂದು ಇಡೀ ಕ್ಲಾಸಿಗೆ ಸಾರಿದ್ದೆ.

“ಇಲ್ಲಿ ಜಾಸ್ತಿ ಗುದ್ದೋನು ಯಾರ್ಲಾ?” ಎಂದರು ಡಾಕ್ಟರು.

ಎಲ್ಲರೂ ನನ್ನತ್ತ ಕೈ ಮಾಡಿದರು. ನಾನು ಹೆಮ್ಮೆಯಿಂದಲೇ ಎದ್ದು ಹೋದೆ. ನನ್ನ ಬಲಗೈ ನಡುಬೆರಳಿಗೆ ಕಡ್ಡಿ ಕೊಟ್ಟು ಬಿಗಿಯಾಗಿ ಬಟ್ಟೆ ಸುತ್ತಿದರು. “ನಾಳೆಗಂಟ ಬಿಚ್‌ಬ್ಯಾಡ. ಸಂಜೆ ಕ್ಲಿನಿಕ್‌ಗೆ ಬಾ, ನಾನೇ ಬಿಚ್ತೀನಿ.”

ಒಂದು ಬೆರಳು ತಾನೇ ಎಂದುಕೊಂಡಿದ್ದೆ. ಪೆನ್ನು ಜಾರಿತು. ಅಂಗಿಯ ಗುಂಡಿ ಹಾಕಲಾಗಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತರೆ ಮುದ್ದೆ ಮುರಿಯಲು ಬಾರದೆ ಮೈಕೈಯೆಲ್ಲ ಸಾರು. “ಮೀಸೆ ಬರೋ ವಯಸ್ನಾಗೆ ತುತ್ತಿಡಂಗಾಯ್ತಲ್ಲಾ ನಿಂಗೆ” ಎಂದು ಅವ್ವ ತಾನೇ ತಿನ್ನಿಸಿದಳು. ನಾಚಿಕೆಯಿಂದ ಕುಗ್ಗಿಹೋದೆ.

ಮರುದಿನ ಬಟ್ಟೆ ಬಿಚ್ಚುತ್ತಾ ಡಾಕ್ಟರು ಹೇಳಿದರು: “ನಿಂಗೆ ಒಂದಿನ ಕಣ್ಲಾ. ನಂಗೆ ನಲವತ್ತು ವರ್ಸ. ನಿನ್ನಷ್ಟಿದ್ದಾಗ ಗೆಳೆಯನ ಬಾಯಿಗೆ ಗುದ್ದಿದ್ದೆ. ಅವನ ಮುಂದಿನ ಎರಡು ಹಲ್ಲು ಉದುರೋದ್ವು, ನನ್ನ ಈ ಬೆಳ್ಳಿನ ಗೆಣ್ಣಿಗೆ ಹಲ್ಲು ತಾಗಿ ಸಣ್ಣ ಗಾಯ. ಬೈತಾರೆ ಅಂತ ಮನೇಲಿ ಹೇಳ್ಲಿಲ್ಲ. ಕೀವು ತುಂಬ್ಕಂಡು ಬೆಳ್ಳು ಸೆಟೆದೋಯ್ತು. ಆಪರೇಷನ್ ಮಾಡೋ ಡಾಕ್ಟ್ರಾಗ್ಬೇಕು ಅಂತಿದ್ದೆ. ಈ ಕೈಯಿಂದ ಆಗ್ಲಿಲ್ಲ.”

“ಆ ಗೆಳೆಯ, ಸಾ?”

“ಅವ್ನು ಇವತ್ಗೂ ಬಾಯಿಗೆ ಕೈ ಅಡ್ಡ ಇಟ್ಕಂಡೇ ನಗ್ತಾನೆ. ನನ್ ಬೆಳ್ಳು ಓಗ್ಲಿ ಬುಡು. ಅದ ನೋಡಕಾಗಲ್ಲ.”

ದೊಡ್ಡವರೊಬ್ಬರು ತಮ್ಮ ತಪ್ಪನ್ನು ನನ್ನಂಥವನ ಮುಂದೆ ಹೇಳಿಕೊಂಡಿದ್ದು ಅದೇ ಮೊದಲು. ಅವರ ಮೇಲೆ ಪ್ರೀತಿ ಉಕ್ಕಿಬಂತು.

ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಹೋದರೆ, ನನ್ನ ಸೀಟು ಕಿತ್ತುಕೊಂಡವನು ಕಾದು ನಿಂತಿದ್ದ, ಸುತ್ತ ನಮ್ಮ ಕ್ಲಾಸಿನವರು. ನನ್ನ ಕಣ್ಣು ಅವನ ಹಲ್ಲಿನ ಮೇಲೇ ಇತ್ತು. “ಸೀಟ್ನಾಗೆ ನೀನೇ ಕೂತ್ಕೊ ಓಗ್ಲಾ” ಎಂದೆ. ಒಂದು ವಾರ ಎಲ್ಲರೂ ಹೇಡಿ ಎಂದು ಆಡಿಕೊಂಡರು.

ಕಳೆದ ವರ್ಷ ಡಾಕ್ಟರು ತೀರಿಕೊಂಡರು. ಆ ಸೀಟಿನ ಜಗಳದವನೂ ನಾನೂ ಒಂದೇ ಬೈಕಿನಲ್ಲಿ ಹೋದೆವು. ಅಂಗಳದಲ್ಲಿ ಮಲಗಿಸಿದ್ದ ಡಾಕ್ಟರ ಪಕ್ಕದಲ್ಲಿ ಒಬ್ಬ ಮುದುಕರು, ಅವರ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಬಾಯಿಗೆ ಅಡ್ಡ ಇಡಲು ಕೈ ಖಾಲಿಯಿರಲಿಲ್ಲ. ಮುಂದಿನ ಎರಡು ಹಲ್ಲಿಲ್ಲದ ಬಾಯಿ ತೆರೆದು, ಎಲ್ಲರೆದುರು ಅಳುತ್ತಿದ್ದರು.