ಉಪ್ಪಿಲ್ಲದ ಸೌತೆಕಾಯಿ

ತೊಂಬತ್ತೆಂಟನೆಯ ಇಸವಿ. ಕೆ.ಆರ್. ನಗರದ ಒಂದು ಜವಳಿ ಅಂಗಡಿಯಲ್ಲಿ ನನಗೆ ಬ್ಲೌಸ್ ಪೀಸ್ ಹರಿದುಕೊಡುವ ಕೆಲಸ. ಹೆಸರು ಧರ್ಮೇಂದ್ರ, ಮೈಕಟ್ಟು ಮಾತ್ರ ಅಂಗಡಿಯ ಮೀಟರ್ ಕೋಲಿನದು. ದಿನಾ ಪಿರಿಯಾಪಟ್ಟಣದಿಂದ ಖಾಸಗಿ ಬಸ್ಸಿನಲ್ಲಿ, ಡ್ರೈವರ್ ವೀರಭದ್ರಸ್ವಾಮಿಯವರ ಪಕ್ಕ, ಬಾನೆಟ್ ಮೇಲೆ ಹೆಂಚಿನ ರೊಟ್ಟಿಯಂತೆ ಬೇಯುತ್ತ ಹೋಗುತ್ತಿದ್ದೆ. ನಾವೆಲ್ಲ ಅವರನ್ನು ಸ್ವಾಮಣ್ಣ ಎನ್ನುತ್ತಿದ್ದೆವು. ಐವತ್ತರ ಆಸುಪಾಸು, ಹಣೆ ತುಂಬ ವಿಭೂತಿ, ದಿನಕ್ಕೆ ಹತ್ತು ಮಾತು. ಮಿಕ್ಕದ್ದನ್ನೆಲ್ಲ ನಾನೇ ಆಡುತ್ತಿದ್ದೆ.

ಬೇಸಿಗೆ ಬಂತೆಂದರೆ ರಾವಂದೂರು ದಾಟಿದ ಮೇಲೆ ಒಂದು ಹೊಂಗೆ ಮರದಿಂದ ತುಸು ಮುಂದೆ ಬಸ್ಸು ನಿಲ್ಲುತ್ತಿತ್ತು. ಇಂಜಿನ್ ಕಾದಿದೆ, ನೀರು ಹುಯ್ಯಬೇಕು ಎಂಬುದು ನೆಪ. ಮರದಡಿ ಪುಟ್ಟಮಲ್ಲಮ್ಮ ಎಂಬ ಹೆಂಗಸು ತಮ್ಮನ ಹೊಲದ ಎಳೆ ಸೌತೆಕಾಯಿಗಳನ್ನು ಗೋಣಿಚೀಲದ ಮೇಲೆ ಹರಡಿಕೊಂಡಿರುತ್ತಿದ್ದರು. ಬಸ್ಸಿನವರೆಲ್ಲ ಇಳಿದು ತಿನ್ನುವರು. ಸ್ವಾಮಣ್ಣ ಮಾತ್ರ ಸೀಟು ಬಿಡುತ್ತಿರಲಿಲ್ಲ.

“ಲೇ, ನಂಗೊಂದು ತಕ್ಕಂಬಾ. ಬರೀ ಖಾರ, ಉಪ್ಪು ಬ್ಯಾಡ ಅನ್ನು. ನನ್ನೆಸ್ರು ಎತ್ಬ್ಯಾಡ.”

ಮೊದಲ ದಿನ “ಒಂದಕ್ಕೆ ಉಪ್ಪು ಬ್ಯಾಡಮ್ಮ, ಬರೀ ಖಾರ” ಎಂದಾಗ ಅವರ ಚಾಕು ಕಾಯಿಯ ಮಧ್ಯೆ ನಿಂತಿತು. ಬಸ್ಸಿನ ಕಡೆ ನೋಡಿದರು. ಆ ಕಾಯನ್ನು ಪಕ್ಕಕ್ಕಿಟ್ಟು, ರಾಶಿಯಲ್ಲಿ ಹುಡುಕಿ ಇನ್ನೂ ಎಳೆಯದನ್ನು ತೆಗೆದು, ತೊಟ್ಟು ಕೊಯ್ದು, ಕಹಿಯೆಲ್ಲ ನೊರೆಯಾಗಿ ಹೋಗುವಂತೆ ಉಜ್ಜಿಕೊಟ್ಟರು. ಮಾರನೆಯ ದಿನದಿಂದ ನಾನು ಕೇಳುವ ಮೊದಲೇ ಉಪ್ಪಿಲ್ಲದ್ದು ಮುತ್ತುಗದ ಎಲೆಯಲ್ಲಿ ಸಿದ್ಧವಾಗಿರುತ್ತಿತ್ತು. ಗಿರಾಕಿಯ ರುಚಿ ನೆನಪಿಡುವ ಹೆಂಗಸು ಎಂದುಕೊಂಡೆ. ನನ್ನ ತಲೆ ಓಡುವುದು ಅಷ್ಟೇ.

ಮೂರನೆಯ ಬೇಸಿಗೆಯಲ್ಲಿ ಕಂಡಕ್ಟರ್ ಕನಕರಾಜುವನ್ನು ಕೇಳಿದೆ, “ಈ ಇಂಜಿನ್ ದಿನಾ ಇಲ್ಲೇ ಯಾಕೆ ಕಾಯುತ್ತೆ?”

“ಇಂಜಿನ್ ಎಲ್ಲಿ ಕಾದದೆ, ಬೆಪ್ಪೆ? ಆವಮ್ಮ ಸ್ವಾಮಣ್ಣನ ಮೊದಲ್ನೆ ಎಂಡ್ತಿ ಕಣ್ಲಾ. ಮಕ್ಕಳಾಗ್ನಿಲ್ಲ ಅಂತ ಮನೇವ್ರು ತವರಿಗೆ ಅಟ್ಟುದ್ರು, ಇವ್ರಿಗೆ ಇನ್ನೊಂದು ಮದ್ವೆ ಮಾಡುದ್ರು. ಅವತ್ತು ಇವ್ರು ಬಾಯಿ ಬುಡ್ನಿಲ್ಲ. ಈಗ ಯಾವ ಮಖ ಇಟ್ಕಂಡು ಇಳಿದಾರು? ತಿನ್ನೋದು ತಾನು ಅಂತ ಆವಮ್ಮಂಗೆ ಗೊತ್ತಿಲ್ಲ ಅಂದ್ಕಂಡವ್ರೆ. ನೀನು ಸುಮ್ಕಿರು.”

ಸುಮ್ಮನಿರುವುದು ನನ್ನ ಕೈಲಾಗದ ಕೆಲಸಗಳಲ್ಲಿ ಮೊದಲನೆಯದು. ಮುರಿದ ಸಂಸಾರ ಜೋಡಿಸುವ ಪುಣ್ಯ ಬ್ಲೌಸ್ ಪೀಸಿನವನ ಪಾಲಿಗೆ ಬಂದಿದೆ ಎಂದು ಹಿಗ್ಗಿಬಿಟ್ಟೆ. ಮಾರನೆಯ ದಿನ ಎಲೆಯನ್ನು ಕೈಗೆ ಕೊಡುತ್ತ ಅಂದೆ:

“ಸ್ವಾಮಣ್ಣ, ಇಳಿದು ಒಂದ್ ಮಾತಾಡ್ಸಿ. ಆವಮ್ಮಂಗೆ ನೀವೇ ಅಂತ ಗೊತ್ತು.”

ಅವರು ಕಚ್ಚಿದ್ದನ್ನು ಅಗಿಯಲಿಲ್ಲ.

“ಯಾವಾಗಿಂದ್ಲಾ?”

“ಮೊದಲ್ನೆ ದಿನದಿಂದ್ಲೂ.”

ಉಳಿದದ್ದನ್ನು ಎಲೆಯಲ್ಲಿ ಮಡಚಿ ಸ್ಟೇರಿಂಗ್ ಮುಂದೆ ಇಟ್ಟರು. ಗೇರ್ ಹಾಕಿ ಬಸ್ಸು ಬಿಟ್ಟರು.

ಮರುದಿನ ಬಸ್ಸು ನಿಲ್ಲಲಿಲ್ಲ. ಹೊಂಗೆ ಮರ ಬರುವ ಮೊದಲೇ ಸ್ವಾಮಣ್ಣ ವೇಗ ಹೆಚ್ಚಿಸಿದರು. ಪುಟ್ಟಮಲ್ಲಮ್ಮ ಎಲೆ ಹಿಡಿದು ಎದ್ದು ನಿಂತಿದ್ದರು. ಮೂರನೆಯ ದಿನವೂ ನಿಂತಿದ್ದರು. ಆಮೇಲೆ ಏಳುವುದನ್ನು ಬಿಟ್ಟರು.

ಭಾನುವಾರ ಸೈಕಲ್ ತುಳಿದುಕೊಂಡು ಹೊಂಗೆ ಮರದಡಿಗೆ ಹೋದೆ. ಕ್ಷಮೆ ಕೇಳುವುದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಅವರೇ ಮೊದಲು ಕೇಳಿದರು.

“ನಂಗೆ ಗೊತ್ತು ಅಂತ ಅವ್ರಿಗೆ ಯೋಳಿದ್ದು ನೀನೇನಪ್ಪಾ?”

“ಹೂಂ, ಅಮ್ಮ.”

“ಯೋಳ್ಬಾರ್ದಿತ್ತು ಕಣಪ್ಪ. ಗೊತ್ತಿಲ್ದಂಗೇ ಇದ್ದಿದ್ರೆ ಬತ್ತಿದ್ರು.”

ಬೈಗುಳವಾದರೂ ಸಿಕ್ಕಿದ್ದರೆ ಹಗುರವಾಗುತ್ತಿತ್ತು. ಅವರು ಒಂದು ಕಾಯಿ ಸೀಳಿ, ಉಪ್ಪು ಖಾರ ಎರಡೂ ಹಚ್ಚಿ ನನ್ನ ಕೈಗಿಟ್ಟರು. ಸೆರಗಿನಿಂದ ಚಾಕು ಒರೆಸುತ್ತ ರಸ್ತೆ ನೋಡಿದರು.

“ಬ್ಯಾಸಗೇಲಿ ಅವ್ರಿಗೆ ತುಟಿ ಒಡ್ದು ರಕ್ತ ಬರದು. ಖಾರ ಆದ್ರೂ ತಡೀತಿದ್ರು, ಉಪ್ಪು ತಾಕುದ್ರೆ ಕಣ್ಣಲ್ಲಿ ನೀರು. ಈಗ್ಲೂ ಒಡೀತದಾ?”

ಮೂರು ಬೇಸಿಗೆ ಆ ಮುಖದ ಪಕ್ಕದಲ್ಲೇ ಕೂತು ಬಡಬಡಿಸಿದವನು ನಾನು. ಒಂದು ದಿನವೂ ನೋಡಿರಲಿಲ್ಲ.

“ಗೊತ್ತಿಲ್ಲ, ಅಮ್ಮ” ಎಂದೆ.