ಬಿಟ್ಟಿ ಸಾಫ್ಟ್‌ವೇರೂ ಹಂಪಮ್ಮಜ್ಜಿಯ ಸೋಬಾನೆ ಪದವೂ

ಮೊನ್ನೆ ನಮ್ಮ ಶಾಲೆಯಲ್ಲಿ ಮಕ್ಕಳ ಅಂಕಪಟ್ಟಿಗಳನ್ನೆಲ್ಲ ಕಂಪ್ಯೂಟರಿನಲ್ಲಿ ಒಟ್ಟಿಗೆ ಜೋಡಿಸಬೇಕಾಗಿ ಬಂತು. ಅದಕ್ಕೊಂದು ಬಿಟ್ಟಿ ಸಾಫ್ಟ್‌ವೇರ್ ಸಿಗುತ್ತದೆ ಎಂದು ಯಾರೋ ಹೇಳಿದರು. ಹುಡುಕಿದೆ. ತೆರೆದುಕೊಂಡ ಪುಟದ ತುಂಬ ‘ಡೌನ್‌ಲೋಡ್’ ಎಂಬ ಹಸಿರು ಗುಂಡಿಗಳು. ಒಂದಕ್ಕಿಂತ ಒಂದು ದಪ್ಪ, ಒಂದಂತೂ ಕಣ್ಣು ಮಿಟುಕಿಸುತ್ತಿತ್ತು. ನನ್ನ ಕೈ ಮೌಸಿನ ಮೇಲೆಯೇ ನಿಂತುಬಿಟ್ಟಿತು. ಬಳ್ಳಾರಿಯ ಬಿಸಿಲಿಗೆ ಗೋಡೆಗಳೇ ಕಾದು ಹೆಂಚಾಗಿದ್ದ ಹೊತ್ತಿನಲ್ಲಿ ನನಗೆ ಮಾತ್ರ ಬೆನ್ನಲ್ಲಿ ಸಣ್ಣಗೆ ಚಳಿ. ಪಕ್ಕದಲ್ಲಿದ್ದ ಸಮಾಜ ವಿಜ್ಞಾನದ ಮೇಷ್ಟ್ರು, ಒಂದು ಗುಂಡಿ ಒತ್ತಲು ಇಷ್ಟೊಂದು ಯೋಚನೆಯೇ ಎಂದು ನಕ್ಕರು. ಅವರು ನಗಲಿ. ಅಂಥದೊಂದು ಗುಂಡಿ ಒತ್ತಿದ್ದಕ್ಕೆ ನಮ್ಮ ಬಳಗದಲ್ಲಿ ಏನಾಯಿತು ಎಂಬುದನ್ನು ನಿಮಗಾದರೂ ಹೇಳುತ್ತೇನೆ.

ನನ್ನ ಅಕ್ಕ ಗಂಗಕ್ಕನನ್ನು ಸಿರುಗುಪ್ಪಕ್ಕೆ ಕೊಟ್ಟಿದೆ. ಅವಳ ಗಂಡ ವಿರೂಪಾಕ್ಷಪ್ಪ ಮಾವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ವೃತ್ತಿಯಲ್ಲಿದ್ದಷ್ಟು ದಿನ ಅವರು ಯಾರನ್ನೂ ನಂಬಿದವರಲ್ಲ. ಹಳೇ ಟಿಕೆಟನ್ನು ಹೊಸದೆಂದು ತೋರಿಸುವವರನ್ನೂ, ಮೀಸೆ ಮೂಡಿದ ಮಗನಿಗೆ ಅರ್ಧ ಟಿಕೆಟ್ ಕೇಳುವವರನ್ನೂ ಬಾಗಿಲಲ್ಲೇ ಗುರುತಿಸುತ್ತಿದ್ದರು. ಆದರೆ ನಿವೃತ್ತಿಯ ಮೇಲೆ ಮನೆಗೊಂದು ಕಂಪ್ಯೂಟರ್ ತಂದಿಟ್ಟುಕೊಂಡರು ನೋಡಿ, ಅದರೊಳಗೆ ಕಂಡದ್ದನ್ನೆಲ್ಲ ನಂಬತೊಡಗಿದರು. ಪರದೆಯ ಮೇಲೆ ಯಾರಾದರೂ ‘ಅಭಿನಂದನೆಗಳು’ ಎಂದರೆ ಇವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿದ್ದರು. ತಿಳಿಯದ್ದೇನಾದರೂ ಬಂದರೆ ನನಗೆ ಫೋನು. ನಮ್ಮ ಬಳಗದಲ್ಲಿ ಕಂಪ್ಯೂಟರ್ ಬಲ್ಲವಳೆಂದರೆ ನಾನೇ. ಕೆಟ್ಟು ನಿಂತ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದರೆ ಸರಿಹೋಗುತ್ತದೆ ಎಂಬ ಒಂದೇ ವಿದ್ಯೆಯಿಂದ ಗಳಿಸಿದ ಹೆಸರು ಅದು.

ಮಾವನ ತಾಯಿ ಹಂಪಮ್ಮಜ್ಜಿ ಸೋಬಾನೆ ಪದಗಳಿಗೆ ಸುತ್ತಲ ಊರುಗಳಲ್ಲೆಲ್ಲ ಹೆಸರಾದವರು. ತೆಕ್ಕಲಕೋಟೆಯಲ್ಲಿ ಮದುವೆಯಾದರೂ ಹಚ್ಚೊಳ್ಳಿಯಲ್ಲಿ ತೊಟ್ಟಿಲು ಕಟ್ಟಿದರೂ ಅಜ್ಜಿಗೆ ಕರೆ ಬರುತ್ತಿತ್ತು. ಆದರೆ ಹಲ್ಲಿನ ಸೆಟ್ಟು ಹಾಕಿಸಿಕೊಂಡ ಮೇಲೆ ಅವರು ಹಾಡುವುದನ್ನೇ ಬಿಟ್ಟರು. ಸೆಟ್ಟಿನ ಸಂದಿಯಲ್ಲಿ ಗಾಳಿ ಸೋರಿ ಪದ ಪದಕ್ಕೂ ಸಿಳ್ಳೆ ಬರುತ್ತದೆ, ಜನ ನಗುತ್ತಾರೆ ಎಂಬುದು ಅವರ ಅಭಿಮಾನದ ಪ್ರಶ್ನೆ. ಎಷ್ಟು ಗೋಗರೆದರೂ ಊಹೂಂ. ಉಳಿದಿದ್ದು ಒಂದೇ ಒಂದು ಧ್ವನಿಮುದ್ರಣ. ಹಿಂದೆಂದೋ ಮಾವ ಫೋನಿನಲ್ಲಿ ಹಿಡಿದಿದ್ದ ಹಾಡು. ಆ ಫೋನು ಆಮೇಲೆ ಹಚ್ಚೊಳ್ಳಿ ಕಡೆಯ ಕಾಲುವೆಗೆ ಬಿತ್ತು. ಹಾಡು ಮಾತ್ರ ಪುಣ್ಯಕ್ಕೆ ಕಂಪ್ಯೂಟರ್ ಸೇರಿತ್ತು. ಹಾಡಿನ ಉದ್ದಕ್ಕೂ ಫ್ಯಾನಿನ ಗರಗರ. ಅಜ್ಜಿ ಭತ್ತದ ಗಿರಣಿಯೊಳಗೆ ಕೂತು ಹಾಡಿದಂತೆ ಕೇಳುತ್ತಿತ್ತು.

ಗಂಗಕ್ಕನ ಮಗಳು ಶಿಲ್ಪಾಳನ್ನು ಕುರುಗೋಡಿಗೆ ಕೊಟ್ಟಿದ್ದೆವು. ಅವಳು ಬಸಿರಾಗಿ ಕುಬಸದ, ಅಂದರೆ ಸೀಮಂತದ, ದಿನ ಗೊತ್ತಾಯಿತು. ಹಸಿರು ಸೀರೆ, ಬಳೆ, ಉಡಿ ತುಂಬುವುದು ಎಲ್ಲ ಸರಿ, ಅಜ್ಜಿಯ ಪದವಿಲ್ಲದೆ ಮೊಮ್ಮಗಳ ಕುಬಸ ಹೇಗೆ? ಮಾವ ಒಂದು ಉಪಾಯ ಹೂಡಿದರು. ಇದ್ದ ಹಾಡಿನಿಂದ ಫ್ಯಾನಿನ ಸದ್ದು ತೆಗೆಸಿ ಮೈಕಿನಲ್ಲಿ ಹಾಕಿಸುವುದು. ಅಂಥ ಸಾಫ್ಟ್‌ವೇರ್ ಪುಗಸಟ್ಟೆ ಸಿಗುತ್ತದೆಂದು ಯಾರಿಂದಲೋ ಕೇಳಿ ತಿಳಿದುಕೊಂಡರು. ನನಗೆ ಫೋನು ಮಾಡದೆಯೇ, ಎಲ್ಲಕ್ಕಿಂತ ದಪ್ಪನೆಯ ಹಸಿರು ಗುಂಡಿಯನ್ನು ಒತ್ತಿದರು.

ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎಂಬ ಗಾದೆ ಇದೆಯಲ್ಲ, ಆ ಸಾಫ್ಟ್‌ವೇರು ತನ್ನಪ್ಪನನ್ನಷ್ಟೇ ಅಲ್ಲ, ಇಡೀ ಬೀಗರ ಬಳಗವನ್ನೇ ಕರೆದುಕೊಂಡು ಬಂತು. ಯಾವುದೋ ಹಿಮ ಬೀಳುವ ಊರಿನ ಹವಾಮಾನ ಹೇಳುವುದೊಂದು. ಬಣ್ಣದ ಗೋಲಿ ಒಡೆಯುವ ಆಟವೊಂದು. ಎಲ್ಲಕ್ಕೂ ಹಿರಿಯನಂತೆ ವೈದ್ಯನೊಬ್ಬ ಬಂದು ಕೂತ. ಅರ್ಧ ತಾಸಿಗೊಮ್ಮೆ ಕೆಂಪು ಅಕ್ಷರಗಳಲ್ಲಿ ನಿಮ್ಮ ಕಂಪ್ಯೂಟರಿಗೆ ನೂರಾರು ರೋಗಗಳಿವೆ ಎನ್ನುತ್ತಿದ್ದ. ಆಗ ಮಾವ ನನಗೆ ಫೋನು ಮಾಡಿದರು. ಹಿಂದಿನಿಂದ ಗಂಗಕ್ಕನ ದನಿ ಕೇಳಿಸಿತು: “ಮೂವತ್ತು ವರ್ಷ ಈ ಮನಿಯಾಗ ದುಡದೀನಿ, ನನಗ ಅಷ್ಟು ರೋಗ ಇಲ್ಲ.”

ಆರಿಸಿ ಮತ್ತೆ ಹಚ್ಚಿರಿ ಎಂದೆ. ಹಚ್ಚಿದರು. ವೈದ್ಯ ಇನ್ನಷ್ಟು ರೋಗ ಹೇಳಿದ. ನನ್ನ ವಿದ್ಯೆ ಅಲ್ಲಿಗೆ ಮುಗಿದಿತ್ತು. ಆದರೆ ಮಾವ ಧೈರ್ಯಗೆಡಲಿಲ್ಲ. ಫ್ಯಾನಿನ ಸದ್ದಂತೂ ಹೋಗಿದೆ, ಶುರುವಿನ ನುಡಿ ಕೇಳಿ ನೋಡಿದೆ, ಹಾಲಿನಂತಿದೆ, ಹಳೆಯದರ ಜಾಗದಲ್ಲೇ ಇದನ್ನು ಉಳಿಸಿಟ್ಟೆ ಎಂದರು. ನನಗೂ ಏನೂ ಹೊಳೆಯಲಿಲ್ಲ. ಒಳ್ಳೆಯದಾಯಿತು ಬಿಡಿ ಎಂದೆ.

ಕುಬಸದ ದಿನ ಕುರುಗೋಡಿನ ಬೀಗರ ಮನೆಯ ಮುಂದೆ ಚಪ್ಪರ ಹಾಕಿದ್ದರು. ನಾನು ಬಳ್ಳಾರಿಯಿಂದ ಬೆಳಗಿನ ಬಸ್ಸಿಗೇ ಹೋಗಿದ್ದೆ. ಮಂಡಾಳು ಒಗ್ಗರಣಿ, ಮೆಣಸಿನಕಾಯಿ ಬಜ್ಜಿಯ ನಾಷ್ಟಾ ಮುಗಿದು ಹೆಂಗಸರೆಲ್ಲ ಶಿಲ್ಪಾಳ ಸುತ್ತ ಕೂತರು. ಅಜ್ಜಿಯನ್ನು ಮುಂದೆಯೇ ಕುರ್ಚಿ ಹಾಕಿ ಕೂರಿಸಿದ್ದೆವು. ಮಾವ ಮೈಕಿನವನಿಗೆ ಸನ್ನೆ ಮಾಡಿದರು. ಅಜ್ಜಿಯ ಹಳೆಯ ಕಂಠ ಚಪ್ಪರದ ತುಂಬ ತುಂಬಿಕೊಂಡಿತು. ಗರಗರ ಇಲ್ಲ, ಏನಿಲ್ಲ. ಬೀಗರ ಕಡೆಯ ಹೆಂಗಸರು ತಲೆದೂಗಿದರು. ಅಜ್ಜಿ ಅತ್ತ ಮುಖ ತಿರುಗಿಸಿ, ಬೇರೆ ಯಾರೋ ಹಾಡುತ್ತಿದ್ದಾರೆ ಎಂಬಂತೆ ಕೂತಿದ್ದರು. ಆದರೆ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು.

ಹಾಡಿನ ಮೊದಲ ನುಡಿ ಮುಗಿದು ಎರಡನೆಯದರ ನಡುವಿಗೆ ಬಂದಿತ್ತು. ಇದ್ದಕ್ಕಿದ್ದಂತೆ ವಿಮಾನ ನಿಲ್ದಾಣದಲ್ಲಿ ಹೇಳುವಂಥ ನಯವಾದ ಹೆಣ್ಣುದನಿಯೊಂದು ಹಾಡನ್ನು ಕತ್ತರಿಸಿ ನುಡಿಯಿತು: “ಟ್ರಯಲ್ ವರ್ಷನ್.” ಮತ್ತೆ ಅಜ್ಜಿಯ ಹಾಡು. ಸ್ವಲ್ಪ ಹೊತ್ತಿಗೆ ಮತ್ತೆ ಅವಳೇ. ಮಾವ ಮೈಕಿನವನನ್ನು ನೋಡಿದರು, ಮೈಕಿನವ ಮಾವನನ್ನು ನೋಡಿದ. ಕೊಂಡುಕೊಳ್ಳದೆ ಬರೀ ನೋಡಲು ಕೊಟ್ಟ ಸರಕು ಇದು ಎಂದು ಸಾರುವುದಕ್ಕೆ ಆ ಸಾಫ್ಟ್‌ವೇರು ಹಾಡಿನೊಳಗೇ ತನ್ನ ಡಂಗುರದವಳನ್ನು ಕೂರಿಸಿಬಿಟ್ಟಿತ್ತು. ಮೂರನೆಯ ಸಲ ಅವಳು ಬಾಯಿ ತೆರೆಯುವ ಹೊತ್ತಿಗೆ ಹಿಂದಿನ ಸಾಲಿನ ಹುಡುಗಿಯರು ತಾವೂ ಕೂಡಿಕೊಂಡು, ‘ಸೋಬಾನವೇ’ ಎನ್ನುವ ರಾಗದಲ್ಲೇ “ಟ್ರಯಲ್ ವರ್ಷನ್” ಎಂದರು. ಬಸುರಿ ಹೆಂಗಸು ಶಿಲ್ಪಾ, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

ನನಗೆ ನಗು ಬರಲಿಲ್ಲ. ಹಳೆಯದರ ಜಾಗದಲ್ಲೇ ಉಳಿಸಿಟ್ಟೆ ಎಂದಿದ್ದರಲ್ಲ ಮಾವ, ಆ ಮಾತು ಆಗ ಅರ್ಥವಾಯಿತು. ಫ್ಯಾನಿನ ಸದ್ದಿನ ಆ ಒಂದು ಹಾಡೂ ಹೋಗಿತ್ತು. ಇನ್ನು ಅಜ್ಜಿಯ ಕಂಠವೆಂದರೆ ಈ ಪರದೇಶದವಳ ಜೊತೆ ಹಂಚಿಕೊಂಡದ್ದು ಮಾತ್ರ. ಮಾವನಿಗೂ ಅದೇ ಹೊಳೆದಿರಬೇಕು. ಟಿಕೆಟಿಲ್ಲದೆ ಸಿಕ್ಕಿಬಿದ್ದ ಪ್ರಯಾಣಿಕನ ಮುಖ ಮಾಡಿಕೊಂಡು ಚಪ್ಪರದ ಗಳ ಹಿಡಿದು ನಿಂತಿದ್ದರು.

ಅಷ್ಟರಲ್ಲಿ ಹಂಪಮ್ಮಜ್ಜಿ ಕೈ ಎತ್ತಿದರು. ಹಾಡು ನಿಂತಿತು.

“ಯಾರಲೇ ಆಕಿ?” ಎಂದು ಮಗನನ್ನು ಕೇಳಿದರು.

“ಕಂಪ್ಯೂಟರಿನಾಕಿ, ಯವ್ವ.”

“ನಾ ಹಾಡಾಕತ್ತಿದ್ರ ನಡುವ ಬಾಯಿ ಹಾಕಾಕ ಆಕಿ ಏನು ನನಗ ಅತ್ತಿಯಾ?”

ಆಮೇಲೆ ಅಜ್ಜಿ ಮಾಡಿದ್ದನ್ನು ನಾವು ಯಾರೂ ಎಣಿಸಿರಲಿಲ್ಲ. ಸೆರಗು ಮರೆಮಾಡಿ ಹಲ್ಲಿನ ಸೆಟ್ಟು ತೆಗೆದರು. ಕರವಸ್ತ್ರದಲ್ಲಿ ಸುತ್ತಿ, ಪಕ್ಕದಲ್ಲಿದ್ದ ನನ್ನ ಕೈಗಿಟ್ಟರು. ಬೊಚ್ಚುಬಾಯಲ್ಲಿ ಹಾಡತೊಡಗಿದರು. ಸಿಳ್ಳೆ ಇರಲಿಲ್ಲ. ದನಿ ಒಡೆದಿತ್ತು, ಉಸಿರು ಸಾಲದೆ ಸಾಲುಗಳು ಮೊಟಕಾಗುತ್ತಿದ್ದವು, ಕೆಲವು ಅಕ್ಷರಗಳು ಒಸಡಿನಲ್ಲೇ ಉಳಿದವು. ಮೊಟಕಾದಲ್ಲೆಲ್ಲ ಹೆಂಗಸರು ಸೊಲ್ಲೆತ್ತಿಕೊಂಡು ಮುಂದುವರಿಸಿದರು. ನಕ್ಕ ಹುಡುಗಿಯರೇ ಈಗ ಫೋನು ಎತ್ತಿ ಹಿಡಿದಿದ್ದರು. ನಾನು ಮಾತ್ರ ಕೈಯಲ್ಲಿ ಹಲ್ಲು ಹಿಡಿದುಕೊಂಡು, ಚಪ್ಪಾಳೆ ತಟ್ಟಲೂ ಆಗದೆ ಕೂತಿದ್ದೆ.

ಊಟವಾದ ಮೇಲೆ ಮಾವ ನನ್ನ ಹತ್ತಿರ ಬಂದು ಕೂತರು. ಎಳ್ಳು ಹೋಳಿಗೆ ಹಾಗೆಯೇ ಎಲೆಯಲ್ಲಿ ಬಿಟ್ಟಿದ್ದರು. ಆಮೇಲೆ ತಮ್ಮಷ್ಟಕ್ಕೆ ಎಂಬಂತೆ ಹೇಳಿದರು: “ಬಳ್ಳಾರಿ ಬಸ್ ಸ್ಟ್ಯಾಂಡ್ ಹೊರಗ ‘ಸಿರುಗುಪ್ಪ, ಸಿರುಗುಪ್ಪ’ ಅಂತ ಒದರಿ ಜೀಪಿಗೆ ತುಂಬಾವ್ರನ್ನ ಜನ್ಮಪೂರ್ತಿ ನೋಡೀನಿ. ನಮ್ಮ ಬಸ್ಸು ಎಂದಾರ ಒದರೇತೇನು? ಬೋರ್ಡ್ ಹಾಕ್ಕೊಂಡು ಸುಮ್ನ ನಿಂತಿರತಿತ್ತು. ನಾನ ಹೋಗಿ ಒದರಾವ್ನ ಜೀಪು ಹತ್ತಿದ್ನಲ್ಲ, ಟೀಚರವ್ವ.”

ಮುಂದಿನ ವಾರ ನಾನು ನಮ್ಮ ಶಾಲೆಯ ಕಂಪ್ಯೂಟರ್ ಟೀಚರ್ ರೆಹಾನಾಗೆ ಎಲ್ಲ ಹೇಳಿದೆ. ಅವಳು ಮೊದಲು ಮನಸಾರೆ ನಕ್ಕು, ಆಮೇಲೆ ನನ್ನ ಜೊತೆ ಸಿರುಗುಪ್ಪಕ್ಕೆ ಬಂದಳು. ವೈದ್ಯನನ್ನೂ ಗೋಲಿಯ ಆಟವನ್ನೂ ಒಂದೊಂದಾಗಿ ಹೊರಗೆ ಕಳಿಸಿದಳು. ಸಾಫ್ಟ್‌ವೇರ್ ಬೇಕಾದರೆ ನಡುವಿನ ಸಂತೆಗೆ ಹೋಗಬೇಡಿ, ಅದನ್ನು ಮಾಡಿದವರ ಸ್ವಂತ ಮನೆಗೇ ಹೋಗಿ ಎಂದಳು. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುವುದು ಎಷ್ಟೋ ಸಲ ಜಾಹೀರಾತು, ಅದನ್ನು ಬಿಡಬೇಕು; ಮೇಲಿನ ವಿಳಾಸವನ್ನು ಅಕ್ಷರ ಅಕ್ಷರ ಓದಬೇಕು, ಒಂದಕ್ಷರ ಆಚೀಚೆಯಾದರೂ ಅದು ಬೇರೆಯವರ ಮನೆ. ಇಳಿಸಿದ್ದನ್ನು ತೆರೆಯುವ ಮೊದಲು ವೈರಸ್ ತಪಾಸಣೆ ಮಾಡಿಸಬೇಕು. ಹಾಕಿಕೊಳ್ಳುವಾಗ ‘ಮುಂದೆ, ಮುಂದೆ’ ಎಂದು ಒತ್ತುತ್ತ ಹೋಗದೆ, ಅವರೇ ಮೊದಲೇ ಹಾಕಿಟ್ಟಿರುವ ಸರಿ ಗುರುತುಗಳನ್ನು ತೆಗೆಯಬೇಕು. ಬೀಗರ ಬಳಗ ಒಳಗೆ ನುಗ್ಗುವುದು ಆ ಬಾಗಿಲಿನಿಂದಲೇ. ಮಾವ ಇದನ್ನೆಲ್ಲ ಕೈಕಟ್ಟಿಕೊಂಡು ಕೇಳಿದರು.

ಹಾಗೆ ಹುಡುಕುತ್ತ ನಮಗೆ ಸಿಕ್ಕಿದ್ದು ಒಂದು ಸಾದಾ ಪುಟ. ಮಿಟುಕಿಸುವುದೇನೂ ಇರಲಿಲ್ಲ. ಯಾವ ಯಾವುದೋ ದೇಶಗಳ ಕೆಲವರು ಬಿಡುವಿನಲ್ಲಿ ಕೂಡಿ ಮಾಡಿ, ಸುಮ್ಮನೆ ಎಲ್ಲರಿಗೂ ಕೊಟ್ಟಿದ್ದ ಸಾಫ್ಟ್‌ವೇರ್. ಹುಡುಗಿಯರ ಫೋನಿನಲ್ಲಿದ್ದ ಅಜ್ಜಿಯ ಹಾಡನ್ನು ಅದರಲ್ಲಿ ಹಾಕಿದೆವು, ಈ ಸಲ ಮೊದಲು ಒಂದು ನಕಲು ತೆಗೆದಿಟ್ಟು. ಚಪ್ಪರದ ಸದ್ದೆಲ್ಲ ತೆಗೆದರೆ ಅಜ್ಜಿ ಕಾಳು ತುಂಬುವ ನೆಲದಡಿಯ ಹಗೇವಿನೊಳಗಿಂದ ಹಾಡಿದಂತೆ ಕೇಳಿತು. ಸಾಕು ಬಿಡು, ಮಂದಿ ಇರಲಿ ಎಂದರು ಮಾವ.

ಅವರಿಗೆ ಒಂದೇ ಕೊರಗು. ಇಷ್ಟು ದೊಡ್ಡದನ್ನು ಪುಗಸಟ್ಟೆ ಕೊಟ್ಟವರಿಗೆ ಏನೂ ಹೇಳದೆ ಇರುವುದು ಹೇಗೆ? ಮಾವ ಕನ್ನಡದಲ್ಲಿ ಹೇಳಿದ್ದನ್ನು ನಾನು ನನ್ನ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ನಿಮ್ಮಿಂದ ಉಪಕಾರವಾಯಿತು, ಹುಟ್ಟಲಿರುವ ಮೊಮ್ಮಗುವಿನ ತೊಟ್ಟಿಲಿಗೆ ಮನೆಮಂದಿಯೆಲ್ಲ ಬರಬೇಕು ಎಂಬುದನ್ನೂ ಸೇರಿಸಬೇಕಾಯಿತು. ಉತ್ತರ ಬಂತು. ಬರಲಾಗುವುದಿಲ್ಲ, ಮಗುವಿಗೆ ಹಾರೈಕೆ ಎಂದಿದ್ದರು. ಕೊನೆಯಲ್ಲಿ, ನಮ್ಮ ಸಾಫ್ಟ್‌ವೇರ್ ನಿಮ್ಮ ಭಾಷೆಯಲ್ಲಿಲ್ಲ, ಅದರ ಗುಂಡಿಗಳ ಮೇಲಿನ ಮಾತುಗಳನ್ನು ನೀವೇ ಕನ್ನಡಕ್ಕೆ ತಂದುಕೊಡುತ್ತೀರಾ ಎಂದು ಕೇಳಿದ್ದರು.

ಅಂಕಪಟ್ಟಿಯ ಕೆಲಸವನ್ನು ಮೊನ್ನೆ ಹೀಗೆಯೇ, ಸಾಫ್ಟ್‌ವೇರ್ ಮಾಡಿದವರ ಮನೆ ಹುಡುಕಿ, ಮುಗಿಸಿದೆ ಬಿಡಿ. ಈಗ ನನ್ನ ಭಾನುವಾರಗಳೆಲ್ಲ ಸಿರುಗುಪ್ಪದಲ್ಲಿ ಆ ಗುಂಡಿಗಳ ಜೊತೆ ಕಳೆಯುತ್ತವೆ. ತವರಿಗೆ ಬಂದಿರುವ ಶಿಲ್ಪಾಳ ಮಗಳು ನಡುಮನೆಯಲ್ಲಿ ಅಂಬೆಗಾಲಿಡುತ್ತಾಳೆ. ನಾನೊಂದು ಪದ ಹೇಳಿದರೆ ಮಾವ ಬೇರೊಂದು ಹೇಳುತ್ತಾರೆ, ಗಂಗಕ್ಕ ಎರಡನ್ನೂ ಬೇಡವೆನ್ನುತ್ತಾಳೆ, ಕೊನೆಗೆ ತೀರ್ಪು ಅಜ್ಜಿಯದು. ‘ಸೇವ್’ ಎಂಬುದಕ್ಕೆ ‘ಉಳಿಸು’ ಎಂದದ್ದಕ್ಕೆ ಒಪ್ಪಿದರು. ‘ಕ್ಯಾನ್ಸಲ್’ ಎಂಬಲ್ಲಿ ‘ಬ್ಯಾಡ’ ಅಂದರೆ ಸಾಕು ಎಂದರು. ನಾನು ಟೀಚರಲ್ಲವೇ, ‘ಬೇಡ’ ಎಂದು ತಿದ್ದಿಕೊಂಡೆ.

ಕಳೆದ ಭಾನುವಾರ ‘ಅಂಡೂ’ ಎಂಬುದು ಬಂತು. ಮಾಡಿದ್ದನ್ನು ಮಾಡೇ ಇಲ್ಲವೆನ್ನುವಂತೆ ಮಾಡುವ ಗುಂಡಿ ಎಂದು ಅಜ್ಜಿಗೆ ಬಿಡಿಸಿ ಹೇಳಿದೆ. ಅವರು ಅಡಿಕೆ ಕುಟ್ಟುವುದನ್ನು ನಿಲ್ಲಿಸಿ ಯೋಚಿಸಿದರು.

“ಅದಕ್ಕ ನಮ್ಮಲ್ಲಿ ಮಾತಿಲ್ಲ ತಂಗಿ,” ಎಂದರು. “ಮನುಷ್ಯಾರ ಕೈಲೆ ಆಗಲಾರದ್ದಕ್ಕ ನಾವ್ಯಾಕ ಹೆಸರು ಇಟ್ಟಿರತೀವಿ?”

ಅಲ್ಲಿಯವರೆಗಿನ ಉಳಿದ ಮಾತುಗಳನ್ನೆಲ್ಲ ಕನ್ನಡದಲ್ಲಿ ಕಳಿಸಿಕೊಟ್ಟೆ. ಅದೊಂದನ್ನು ಮಾತ್ರ ಇಂಗ್ಲಿಷಿನಲ್ಲೇ ಬಿಟ್ಟಿದ್ದೇನೆ.