ಶೆಟ್ಟಿಕೆರೆಯ ಅಟ್ಟದಲ್ಲಿ ಉಳಿದ ರೋಲು

ಬೆಂಗಳೂರಿನಿಂದ ತಿಪಟೂರಿಗೆ ಬೆಳಗಿನ ರೈಲು ಹಿಡಿದೆ. ಟಿಕೆಟ್ಟು ನೂರು ರೂಪಾಯಿಯ ಒಳಗೆ, ಆದರೆ ತುಮಕೂರಿನವರೆಗೆ ಸೀಟಿಲ್ಲ. ಅರವತ್ತೆರಡು ವರ್ಷದ ಮಂಡಿಗೆ ಅದು ಅಗ್ಗದ ಪ್ರಯಾಣವಲ್ಲ. ಈ ದಾರಿಯಲ್ಲಿ ಹೋಗುವವರು ಪ್ಲಾಟ್‌ಫಾರ್ಮಿನ ಕೊನೆಯವರೆಗೆ ನಡೆದು ಹಿಂದಿನ ಡಬ್ಬಿ ಹತ್ತುವುದು ಒಳ್ಳೆಯದು. ಜನ ಮೆಟ್ಟಿಲು ಇಳಿದ ಕಡೆಯೇ ನುಗ್ಗುತ್ತಾರೆ. ಇದು ನನಗೆ ಗೊತ್ತಿತ್ತು. ಅಷ್ಟು ದೂರ ನಡೆಯುವ ಮನಸ್ಸಾಗಲಿಲ್ಲ.

ಹೊರಟಿದ್ದು ಹಳೆಯ ಕ್ಯಾಮರಾ ಕೊಳ್ಳಲು. ರೋಲು ಹಾಕುವ, ಗುಂಡಿ ಒತ್ತಿದರೆ ತಾನೇ ಫೋಕಸ್ ಮಾಡಿಕೊಳ್ಳುವ, ಅಂಗಿ ಜೇಬಿನಲ್ಲಿ ಹಿಡಿಯುವ ಸಾದಾ ಪ್ಲಾಸ್ಟಿಕ್ ಕ್ಯಾಮರಾ. ಇಪ್ಪತ್ತೆರಡು ವರ್ಷದ ಹಿಂದೆ ನಾನೇ ಅವನ್ನು ಚೀಲದಲ್ಲಿ ಹೊತ್ತು ಈ ತೆಂಗಿನ ಸೀಮೆಯಲ್ಲಿ ಮಾರಿದ್ದೆ. ಯಾರ ಮನೆಯಲ್ಲಿ ಕೊಬ್ಬರಿ ಮಾರಾಟವಾಗಿದೆ ಎಂದು ವಿಚಾರಿಸಿಕೊಂಡು ಆ ವಾರವೇ ಹೋಗುತ್ತಿದ್ದೆ. ಆ ದುಡ್ಡಿನಿಂದ ಅಂಗಡಿ ಮಾಡಿಕೊಂಡೆ. ಫೋನಿನಲ್ಲೇ ಫೋಟೋ ಬಂದ ಮೇಲೆ ಈ ಡಬ್ಬಗಳನ್ನು ಕೇಳುವವರೇ ಇರಲಿಲ್ಲ. ಈಗ ಕಾಲೇಜಿನ ಮಕ್ಕಳು ಅವನ್ನೇ ಹುಡುಕಿಕೊಂಡು ಬರುತ್ತಾರೆ. ಕೆಲಸ ಮಾಡುವ ಒಂದು ಸಿಕ್ಕರೆ ಐದು ಸಾವಿರ ಕೊಡುತ್ತೇನೆಂದು ಒಬ್ಬ ಹುಡುಗಿ ಹೇಳಿದ್ದಳು. ಮಾರಿದ ಮನೆಗಳು ನನಗಿನ್ನೂ ನೆನಪಿದ್ದವು.

ಮಾರುವಾಗ ಪ್ರತಿ ಮನೆಯಲ್ಲೂ ಒಂದು ಬುದ್ಧಿ ಹೇಳಿ ಬರುತ್ತಿದ್ದೆ. ರೋಲು ಪೂರ್ತಿ ಮುಗಿಯುವ ತನಕ ಹಿಂದಿನ ಮುಚ್ಚಳ ತೆಗೆಯಬೇಡಿ, ಬೆಳಕು ಬಿದ್ದರೆ ತೆಗೆದ ಫೋಟೋ ಎಲ್ಲ ಹೋಗುತ್ತದೆ. ಆ ಮಾತು ಆಗಲೂ ಸರಿ, ಈಗಲೂ ಸರಿ.

ತಿಪಟೂರಿನಲ್ಲಿ ಇಳಿದಾಗ ಬಿಸಿಲು ಏರಿತ್ತು. ಕೊಬ್ಬರಿ ಮೂಟೆಗಳ ಎಣ್ಣೆ ವಾಸನೆ ಸ್ಟೇಷನ್ನಿನಿಂದ ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಬಂತು. ಎರಡು ಇಡ್ಲಿ, ಒಂದು ವಡೆ ತಿಂದು ತುರುವೇಕೆರೆ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ಟಿಲ್ಲದ ಬಸ್ಸು, ಸೀಟೆಲ್ಲ ಅವರದೇ. ನಾನು ದುಡ್ಡು ಕೊಟ್ಟು ಕಂಬ ಹಿಡಿದು ನಿಂತೆ. ನನ್ನ ಹೆಂಡತಿಯನ್ನು ಕಳಿಸಿದ್ದರೆ ಖರ್ಚೂ ಉಳಿಯುತ್ತಿತ್ತು, ಮಂಡಿಯೂ ಉಳಿಯುತ್ತಿತ್ತು ಎಂದು ಕಂಡಕ್ಟರಿಗೆ ಹೇಳಿದೆ. ಅವನು, "ಅವರು ಮನೇಲಿ ಕುಂತವ್ರಲ್ಲ ಸಾರ್, ಅದಕ್ಕೆ ಬುದ್ಧಿವಂತ್ರು" ಎಂದ.

ತುರುವೇಕೆರೆಯಿಂದ ಇನ್ನೊಂದು ಬಸ್ಸಿನಲ್ಲಿ ದಬ್ಬೇಘಟ್ಟಕ್ಕೆ ಹೋದೆ. ಅಲ್ಲಿ ಬಸವರಾಜಣ್ಣ ಎಂಬ ತೋಟದ ಯಜಮಾನರಿಗೆ ಒಂದು ಕ್ಯಾಮರಾ ಕೊಟ್ಟಿದ್ದೆ. ನನ್ನನ್ನು ಗುರುತು ಹಿಡಿದರು, ಮಜ್ಜಿಗೆ ಕೊಟ್ಟರು, ಕ್ಯಾಮರಾ ತಂದು ಜಗುಲಿಯ ಮೇಲಿಟ್ಟರು.

"ಒಳ್ಳೆ ಸಾಮಾನು ಕಣ್ರೀ. ರೋಲು ಇನ್ನೂ ಒಳಗೈತೆ, ನೋಡಿ" ಎಂದವರೇ ಹಿಂದಿನ ಮುಚ್ಚಳ ಟಕ್ಕನೆ ತೆರೆದು ಬಿಸಿಲಿಗೆ ಹಿಡಿದರು.

ನಾನು ಕೈ ಚಾಚುವಷ್ಟರಲ್ಲಿ ಮುಗಿದುಹೋಗಿತ್ತು. ಅಷ್ಟು ವರ್ಷ ಕತ್ತಲಲ್ಲಿದ್ದ ರೋಲಿಗೆ ಎರಡು ಕ್ಷಣದ ಬಿಸಿಲು ಸಾಕು. "ಯಾಕಣ್ಣ ಇಷ್ಟು ದಿನ ಬಿಚ್ಚದೆ ಇಟ್ಟಿದ್ರಿ?" ಎಂದು ಕೇಳಿದೆ.

"ನೀವೇ ಹೇಳಿದ್ರಲ್ಲ, ಮುಗಿಯೋಗಂಟ ತೆಗೀಬ್ಯಾಡಿ ಅಂತ. ಹತ್ತು ಫೋಟೋ ಉಳ್ದಿದ್ವು. ಹಬ್ಬಕ್ಕೆ ಒಂದು, ನಾಮಕರಣಕ್ಕೆ ಒಂದು ಅಂತ ಇಟ್ಕಂಡಿದ್ವಿ. ಆಮೇಲೆ ಫೋನು ಬಂತು."

ಕ್ಯಾಮರಾವನ್ನು ಅಲ್ಲಾಡಿಸಿದೆ. ಒಳಗೆ ಲೊಡಲೊಡ ಎಂದಿತು. ಬಸವರಾಜಣ್ಣನ ಮುಖ ಅರಳಿತು. ಅವರ ಲೆಕ್ಕದಲ್ಲಿ ಅದು ಒಳ್ಳೆಯ ಸೂಚನೆ. ಅಟ್ಟದಲ್ಲಿಟ್ಟ ತೆಂಗಿನಕಾಯಿ ವರ್ಷದಲ್ಲಿ ಒಣಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಾಗ ಹಾಗೆಯೇ ಲೊಡಗುಟ್ಟುತ್ತದೆ, ಕಾಯಿ ಸುಲಿಯಬಹುದು ಎಂದರ್ಥ. ಕ್ಯಾಮರಾ ಲೊಡಗುಟ್ಟಿದರೆ ಒಳಗೆ ಏನೋ ಮುರಿದಿದೆ ಎಂದರ್ಥ. ನೀವು ಹಳೆಯದನ್ನು ಕೊಳ್ಳುವುದಾದರೆ ಮೊದಲು ಇದನ್ನು ನೋಡಿ, ಬೆಲೆ ಆಮೇಲೆ ಕೇಳಿ. ಅದನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ತಿಪಟೂರಿಗೆ ಮರಳಿ, ಒಂದು ಲಾಡ್ಜಿನಲ್ಲಿ ಬಿದ್ದುಕೊಂಡೆ.

ಮರುದಿನ ಬೆಳಿಗ್ಗೆ ಚಿಕ್ಕನಾಯಕನಹಳ್ಳಿಗೆ ಹೋದೆ. ಒಣ ಗುಡ್ಡಗಳ ಕಡೆಯಿಂದ ಬರುವ ಗಾಳಿಯಲ್ಲಿ ಧೂಳು. ರಸ್ತೆ ತುಂಬ ಕುರಿ ಮಂದೆ ಹೋಗುವವರೆಗೆ ಬಸ್ಸು ಕಾಲುಗಂಟೆ ನಿಂತಿತು. ಊರಿನಲ್ಲಿ ಮೂರು ಮನೆ ತಿರುಗಿದೆ. ಒಂದು ಕ್ಯಾಮರಾ ಮಕ್ಕಳು ಆಡಿ ಮುರಿದಿದ್ದರು, ಒಂದು ಹಳೆ ಸಾಮಾನಿಗೆ ಪಾತ್ರೆ ಕೊಡುವವನಿಗೆ ಹೋಗಿತ್ತು, ಮೂರನೆಯ ಮನೆಯೇ ಬೇರೆಯವರದಾಗಿತ್ತು. ಅರ್ಧ ಮುದ್ದೆ ಉಂಡೆ. ವಾಪಸ್ ಹೋಗೋಣ ಎನ್ನಿಸಿತು. ಆದರೆ ಶೆಟ್ಟಿಕೆರೆ ಬಸ್ಸು ಮುಂದೆಯೇ ನಿಂತಿತ್ತು, ಅದರಲ್ಲಿ ಸೀಟೂ ಇತ್ತು. ಸೀಟಿನ ಆಸೆಗೇ ಹತ್ತಿದೆ ಎಂದರೂ ತಪ್ಪಿಲ್ಲ.

ಶೆಟ್ಟಿಕೆರೆಯ ಆ ಮನೆಯನ್ನು ನಾನು ಮರೆಯುವಂತಿರಲಿಲ್ಲ. ಅಲ್ಲಿ ಸಿದ್ದಮ್ಮ ಎಂಬ ಯಜಮಾನಿ ನನ್ನನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಜಗುಲಿಯಲ್ಲಿ ಕೂರಿಸಿ ಚೌಕಾಸಿ ಮಾಡಿದ್ದರು. ಕ್ಯಾಮರಾವನ್ನು ಕಿವಿಗೆ ಹಿಡಿದು ಕಾಯಿ ಅಲ್ಲಾಡಿಸಿದಂತೆ ಅಲ್ಲಾಡಿಸಿ, "ಸದ್ದೇ ಇಲ್ವಲ್ಲಪ್ಪ, ಇನ್ನೂ ಹಸಿ" ಎಂದು ಬೆಲೆ ಇಳಿಸಿದ್ದರು. ಕೊನೆಗೆ ಒಂದು ರೋಲು, ಎರಡು ಪೆನ್ಸಿಲ್ ಸೆಲ್ಲು ಪುಕ್ಕಟೆ ಗಿಟ್ಟಿಸಿಕೊಂಡೇ ದುಡ್ಡು ಎಣಿಸಿದ್ದು. ಈ ಸೀಮೆಯಲ್ಲಿ ನನಗೆ ಲಾಭವಿಲ್ಲದಂತೆ ಮಾಡಿದ ಗಿರಾಕಿ ಅವರೊಬ್ಬರೇ.

ಬಾಗಿಲಿಗೆ ಬಂದವರು ಮಗಳು ಶಿವಗಂಗಮ್ಮ. ಐವತ್ತರ ಮೇಲಾಗಿದೆ, ಗಂಡ ಮಲ್ಲೇಶಪ್ಪನೊಂದಿಗೆ ತವರಿನ ತೋಟವನ್ನೇ ನೋಡಿಕೊಳ್ಳುತ್ತಾರೆ. ನಾನು ಯಾರೆಂದು ಹೇಳಿದ ಕೂಡಲೇ, "ಅವ್ವ ಹೋಗಿ ಹತ್ತೊಂಬತ್ತು ವರ್ಷ ಆಯ್ತು ಕಣಣ್ಣ. ನೀವು ಬಂದಿದ್ದು ಒಳ್ಳೇದಾಯ್ತು, ಕುತ್ಕಳ್ಳಿ" ಎಂದರು.

ಮಲ್ಲೇಶಪ್ಪ ಏಣಿ ಹತ್ತಿ, ಅಟ್ಟದಲ್ಲಿ ಹರಡಿದ್ದ ಕಾಯಿಗಳ ಹಿಂದಿನಿಂದ ಒಂದು ಬಿಸ್ಕತ್ತಿನ ಡಬ್ಬ ಇಳಿಸಿ ತಂದರು. ಅದರೊಳಗೆ ಬಟ್ಟೆ ಸುತ್ತಿದ ಕ್ಯಾಮರಾ. ಅಟ್ಟ ಒಣಗಿದ ಜಾಗವಾದ್ದರಿಂದ ಲೆನ್ಸಿಗೆ ಬೂಷ್ಟು ಹಿಡಿದಿರಲಿಲ್ಲ. ಅಲ್ಲಾಡಿಸಿದೆ, ಸದ್ದಿಲ್ಲ. ಪುಟ್ಟ ಕಿಂಡಿಯಲ್ಲಿ ಮೂವತ್ತೊಂದು ಎಂಬ ಅಂಕಿ ಕಾಣುತ್ತಿತ್ತು. ಮೂವತ್ತಾರರ ರೋಲು, ಐದು ಉಳಿದಿವೆ.

"ಒಳಗೆ ಏನೈತೆ ನೋಡಾನ" ಎಂದು ಮಲ್ಲೇಶಪ್ಪ ಮುಚ್ಚಳದ ಕೊಂಡಿಗೆ ಹೆಬ್ಬೆರಳು ಹಾಕಿದರು.

ನಾನು ಅವರ ಮಣಿಕಟ್ಟು ಹಿಡಿದುಕೊಂಡೆ. ಪರಿಚಯವಾಗಿ ಹತ್ತು ನಿಮಿಷವಾಗಿರಲಿಲ್ಲ, ಅವರಿಗೆ ಕೋಪ ಬಂತು.

"ಬುಡ್ರೀ, ಅವರು ಹೇಳಿದ್ ಕೇಳಿ. ಅದರಾಗೆ ಅವ್ವ ಐತೆ" ಎಂದು ಶಿವಗಂಗಮ್ಮ ಗಂಡನನ್ನು ಗದರಿದರು. ಆಮೇಲೆ ನನಗೆ ಬಿಡಿಸಿ ಹೇಳಿದರು. ಅವ್ವನ ಫೋಟೋ ಮನೆಯಲ್ಲಿ ಒಂದೂ ಇಲ್ಲ. ಕ್ಯಾಮರಾ ಕಂಡರೆ ಅವರು ಮುಖ ತಿರುಗಿಸಿ ಒಳಗೆ ಹೋಗುತ್ತಿದ್ದರಂತೆ. ಒಂದು ಹಬ್ಬದ ದಿನ ಶಿವಗಂಗಮ್ಮ ಕದ್ದು ಒಂದು ಫೋಟೋ ಹೊಡೆದಿದ್ದರು. ಅದು ಬಂದಿದೆಯೋ ಇಲ್ಲವೋ ಗೊತ್ತಿಲ್ಲ. "ಗೋಡೇಲಿ ಎಲ್ಲಾರ್ದೂ ಐತೆ ಕಣಣ್ಣ. ಅವ್ವಂದೊಂದು ಮೊಳೆ ಖಾಲಿ."

"ಅಷ್ಟು ಬೇಕಾಗಿದ್ರೆ ಅವತ್ತೇ ರೋಲು ತೊಳೆಸಬೇಕಿತ್ತಲ್ಲಮ್ಮ" ಎಂದೆ.

"ಅವ್ವನೇ ಬುಡ್ಲಿಲ್ಲ. ಐದು ಉಳ್ದವೆ, ದುಡ್ಡು ಕೊಟ್ಟಿರೋದು ಮೂವತ್ತಾರಕ್ಕೆ, ಕ್ಯಾಮರಾದೋನು ಪೂರ್ತಿ ಮುಗಿಸಿ ಅಂತ ಹೇಳವ್ನೆ ಅಂದ್ಲು. ಆಮೇಲೆ ಅವಳೇ ಹೋದ್ಲು. ನಾನೂ ಹೆದರ್ಕಂಡು ಮುಟ್ಲಿಲ್ಲ."

ನಾನು ಹೇಳಬೇಕಾಗಿದ್ದ ಇನ್ನೊಂದು ಮಾತು ಇತ್ತು, ಮಾರುವ ಅವಸರದಲ್ಲಿ ಎಲ್ಲಿಯೂ ಹೇಳಿರಲಿಲ್ಲ. ಹೊಡೆದ ರೋಲನ್ನು ಬಿಸಿಯಲ್ಲಿ ವರ್ಷಗಟ್ಟಲೆ ಇಡಬಾರದು. ಹೆಂಚಿನ ಕೆಳಗಿನ ಅಟ್ಟ ಬೇಸಿಗೆಯಲ್ಲಿ ಕೊಬ್ಬರಿ ಒಣಗಿಸುವಷ್ಟು ಕಾಯುತ್ತದೆ. ಕ್ಯಾಮರಾವನ್ನು ಉಳಿಸಿದ ಅಟ್ಟವೇ ಒಳಗಿನ ಫೋಟೋಗಳನ್ನು ಅಳಿಸಿರಬಹುದು. ಇದನ್ನು ಮುಚ್ಚಿಡದೆ ಹೇಳಿದೆ.

ಶಿವಗಂಗಮ್ಮ ಗಂಡನ ಕೈಯಿಂದ ಕ್ಯಾಮರಾ ತೆಗೆದು ನನ್ನ ಮುಂದಿಟ್ಟರು. "ಹಂಗಾದ್ರೆ ಮಾತು ಇಷ್ಟು. ಅವ್ವ ಬಂದ್ರೆ ಕ್ಯಾಮರಾ ಸುಮ್ನೆ ತಕಂಡೋಗಿ, ಕಾಸು ಬ್ಯಾಡ. ಬರ್ಲಿಲ್ಲ ಅಂದ್ರೆ ಇದು ಇಲ್ಲೇ ಇರ್ತದೆ."

ಒಪ್ಪಿದೆ. ಸೆಲ್ಲು ಹಾಕುವ ಗೂಡಿನಲ್ಲಿ ಹಳೆಯ ಸೆಲ್ಲು ಸೋರಿ ಹಸಿರು ಕಟ್ಟಿತ್ತು. ನಿಂಬೆಹಣ್ಣಿನ ರಸದಲ್ಲಿ ಬಟ್ಟೆಯ ತುದಿ ಅದ್ದಿ ತಿಕ್ಕಿದರೆ ಹೋಗುತ್ತದೆ, ರಿಪೇರಿಯವನಿಗೆ ದುಡ್ಡು ಸುರಿಯಬೇಡಿ. ಚೀಲದಲ್ಲಿದ್ದ ಹೊಸ ಸೆಲ್ಲು ಹಾಕಿದೆ. ಗುಂಡಿ ಅರ್ಧ ಒತ್ತಿದಾಗ ಲೆನ್ಸು ಝುಂಯ್ ಎಂದು ಹಸಿರು ದೀಪ ಹತ್ತಿತು. ಮಲ್ಲೇಶಪ್ಪನ ಕೋಪ ಅಲ್ಲಿಗೆ ಇಳಿಯಿತು.

ರೋಲನ್ನು ಅಲ್ಲಿಗೇ ಸುತ್ತಿ ತೆಗೆಯಲು ಹೋದರೆ ಶಿವಗಂಗಮ್ಮ ಬಿಡಲಿಲ್ಲ. "ಐದು ಉಳ್ದವಲ್ಲ" ಎಂದರು. ತಾಯಿಯದೇ ಮಾತು. ಹಾಗಾಗಿ ಅಂಗಳದಲ್ಲಿ ಗಂಡ ಹೆಂಡತಿಯನ್ನು ನಿಲ್ಲಿಸಿ ಎರಡು, ಹಸುವಿನದೊಂದು, ತೋಟದ್ದೊಂದು ಹೊಡೆದೆ. ಕೊನೆಯದನ್ನು ಶಿವಗಂಗಮ್ಮ ನನ್ನನ್ನೇ ಜಗುಲಿಯಲ್ಲಿ ಕೂರಿಸಿ ಹೊಡೆದರು. "ಅವ್ವ ನಿಮ್ಮನ್ನ ಕುಂಡ್ರಿಸಿದ್ದು ಅಲ್ಲೇ" ಎಂದರು. ಒಳಗೆ ಮೋಟಾರು ಗುರ್ ಎಂದು ರೋಲನ್ನು ಹಿಂದಕ್ಕೆ ಸುತ್ತಿತು. ಸದ್ದು ನಿಂತ ಮೇಲೆ ಮುಚ್ಚಳ ತೆರೆದು ರೋಲು ತೆಗೆದೆ.

ಕ್ಯಾಮರಾವನ್ನು ಅಲ್ಲೇ ಬಿಟ್ಟು, ರೋಲನ್ನು ಒಣ ಬಟ್ಟೆಯಲ್ಲಿ ಸುತ್ತಿ ಬಿಸಿಲು ತಾಗದಂತೆ ಚೀಲದ ತಳಕ್ಕೆ ಹಾಕಿಕೊಂಡೆ. ತಿಪಟೂರಿನಿಂದ ಬೆಂಗಳೂರಿಗೆ ಸಂಜೆಯ ರೈಲಿನಲ್ಲಿ ಕಿಟಕಿ ಸೀಟೇ ಸಿಕ್ಕಿತು. ನಿದ್ದೆ ಮಾತ್ರ ಬರಲಿಲ್ಲ. ಎರಡು ದಿನ, ಏಳು ಬಸ್ಸು, ಒಂದೂ ಕ್ಯಾಮರಾ ಇಲ್ಲ.

ಮರುದಿನ ರೋಲು ತೊಳೆಯುವ ಪರಿಚಯದವನಿಗೆ ಕೊಟ್ಟೆ. ಮೂರನೆಯ ದಿನ ಅವನು ಕರೆದು ತೋರಿಸಿದ. ಹಳೆಯ ಮೂವತ್ತೊಂದರಲ್ಲಿ ಮೂವತ್ತು ಬರೀ ಹೊಗೆ. ಒಂದರಲ್ಲಿ ಮಾತ್ರ ಏನೋ ಮಸುಕಾಗಿ ಕಾಣುತ್ತಿತ್ತು. ಏಣಿಯ ಪಕ್ಕ ಒಬ್ಬ ಹೆಂಗಸು ಆ ಕಡೆ ತಿರುಗಿ ಹೋಗುತ್ತಿದ್ದಾಳೆ. ಬೆನ್ನು, ತುರುಬು, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಮುಖವಿಲ್ಲ. ಕೊನೆಯ ಐದು ಬಣ್ಣ ಕೆಟ್ಟಿದ್ದರೂ ಬಂದಿದ್ದವು.

ಎಲ್ಲವನ್ನೂ ಶಿವಗಂಗಮ್ಮನ ಫೋನಿಗೆ ಕಳಿಸಿ, ಅವ್ವನ ಮುಖ ಬಂದಿಲ್ಲ, ಕ್ಯಾಮರಾ ನಿಮ್ಮದೇ ಎಂದು ಬರೆದೆ. ಐದು ನಿಮಿಷಕ್ಕೆ ಫೋನು ಬಂತು.

"ಅವ್ವನೇ ಕಣಣ್ಣ."

"ಬೆನ್ನಲ್ಲವೇನಮ್ಮ ಅದು."

"ಫೋಟೋ ಅಂದ್ರೆ ಹಂಗೇ ತಿರುಗ್ಕಂಡು ಹೋಗೋಳು. ಮುಖ ಬಂದಿದ್ರೆ ಯಾರೋ ಬೇರೆಯೋರು ಅಂದ್ಕತಿದ್ದೆ." ಎಂದವರು ಮುಂದುವರಿಸಿದರು, "ದೊಡ್ಡದು ಮಾಡ್ಸಿ ಕಳ್ಸಿ. ಮಾತು ಮಾತೇ, ಬಂದು ಕ್ಯಾಮರಾ ತಕಂಡೋಗಿ."

ಐದು ಸಾವಿರದ ಹುಡುಗಿ ನೆನಪಾದಳು. ಜಗುಲಿಯೂ ನೆನಪಾಯಿತು. ಕ್ಯಾಮರಾ ಅಲ್ಲೇ ಇರಲಿ, ಮತ್ತೆ ಅಷ್ಟು ದೂರ ಬರಲು ಮಂಡಿ ಒಪ್ಪುವುದಿಲ್ಲ ಎಂದೆ.

"ಇಟ್ಕಂಡು ಏನ್ ಮಾಡ್ಲಿ, ಬರೀ ಡಬ್ಬ? ನಮ್ಮವ್ವ ನಿಮ್ತಾವ ಬರೀ ಡಬ್ಬ ತಕಂಡಿರ್ಲಿಲ್ಲ" ಎಂದರು.

ರೋಲಿಗೆ ಈಗ ಸಾವಿರದ ಹತ್ತಿರ ಬೆಲೆ. ಅವ್ವನ ದೊಡ್ಡ ಫೋಟೋದ ಜೊತೆ, ಅವತ್ತಿನಂತೆಯೇ ಪುಕ್ಕಟೆ, ಒಂದು ರೋಲು, ಎರಡು ಪೆನ್ಸಿಲ್ ಸೆಲ್ಲು ಕಟ್ಟಿ ಪಾರ್ಸೆಲ್ ಮಾಡಿದೆ. ರೋಲಿನ ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆದೆ: ಹಬ್ಬಕ್ಕೆ ಹಾಕಿ, ಹಬ್ಬ ಮುಗಿದ ವಾರವೇ ಸುತ್ತಿ ಕಳಿಸಿ. ಹೊಡೆಯದೆ ಉಳಿದಿದ್ದು ಉಳಿಯಲಿ.